ಮಳೆಗಾಲ ದಾಟಿಸಬೇಕಾದ ಮನೆ ಸಾಮಾನು: ಶಿವಮೊಗ್ಗದಲ್ಲಿ ಬಾಡಿಗೆ ಸ್ಟೋರೇಜ್ ಕೋಣೆ ಹೇಗೆ ಆರಿಸೋದು? (ಒಬ್ಬರ ಪ್ರಶ್ನೆ, ಹಲವರ ಉತ್ತರ. ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಹಂಚಿನಮನೆ

ವಿನೋಬನಗರದ ಬಾಡಿಗೆ ಮನೆ ಮೇ ಕೊನೆಗೆ ಖಾಲಿ ಮಾಡಬೇಕು. ಮುಂದಿನ ಏಪ್ರಿಲ್ ತನಕ ಸಂಸಾರ ಪುಣೆಯಲ್ಲಿ. ಎರಡು ಬೆಡ್‌ರೂಮ್ ಮನೆಯ ಸಾಮಾನು ಇಡಬೇಕು: ತೇಗದ ಮಂಚ ಎರಡು, ಕಬ್ಬಿಣದ ಬೀರು ಎರಡು, ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮಷೀನ್, 43 ಇಂಚಿನ ಟಿ.ವಿ., ಪಾರ್ಟಿಕಲ್ ಬೋರ್ಡಿನ ಮೇಜು, ಹತ್ತಿ ಹಾಸಿಗೆ, 20 ಪೆಟ್ಟಿಗೆ ಪುಸ್ತಕ, ತಾಮ್ರದ ಹಂಡೆ, ರೇಷ್ಮೆ ಸೀರೆ, ಇನ್ವರ್ಟರ್ ಬ್ಯಾಟರಿ, ಒಂದು ಸ್ಕೂಟರ್.

ನೋಡಿಟ್ಟ ಜಾಗ ಮೂರು. ಒಂದು, ಸಾಗರ ರಸ್ತೆಯಲ್ಲಿ ತಗಡಿನ ಮಾಡಿನ ಗೋದಾಮು. ಒಳಗೆ ಅಡ್ಡಗೋಡೆ ಎಬ್ಬಿಸಿ 10×10 ಅಡಿ ಕೋಣೆಗಳನ್ನು ಮಾಡಿದ್ದಾರೆ, ಪ್ರತಿ ಕೋಣೆಗೂ ಶಟರ್, ಬೀಗ ನಮ್ಮದೇ. ಎರಡು, ಪ್ಯಾಕರ್ಸ್‌ನವರ ಗೋದಾಮು. ಸಾಮಾನು ಅವರೇ ಎಣಿಸಿ ಒಯ್ದು ಇಟ್ಟುಕೊಳ್ತಾರೆ. ಮೂರು, ಗೋಪಾಳದಲ್ಲಿ ಆರ್‌ಸಿಸಿ ಮನೆಯ ಮೊದಲ ಮಹಡಿಯಲ್ಲಿ 10×12 ಖಾಲಿ ಕೋಣೆ. ಇವಲ್ಲದೆ ತೀರ್ಥಹಳ್ಳಿ ಕಡೆ ಬೀಗ ಹಾಕಿದ ಹಳೇ ಮನೆಯ ಅಟ್ಟ ಇದೆ, ಅದಕ್ಕೆ ಬಾಡಿಗೆ ಇಲ್ಲ. ಯಾವುದು ಸರಿ?

ತುಂಗೆದಡ

ಅಟ್ಟ ಮೊದಲು ಬಿಡಿ. ಕೆಳಗೆ ಒಲೆ ಉರಿಯುತ್ತಿದ್ದರೆ ಅಟ್ಟ ಒಣಗಿರುತ್ತದೆ, ಹೊಗೆಗೆ ಹುಳವೂ ಹತ್ತುವುದಿಲ್ಲ. ಬೀಗ ಹಾಕಿದ ಮನೆಯ ಅಟ್ಟಕ್ಕೆ ಮಂಗ ಎಬ್ಬಿಸಿದ ಒಂದು ಹಂಚು ಸಾಕು. ಆರಿದ್ರದಲ್ಲಿ ಸೋರಲು ಶುರುವಾದದ್ದು ದಸರಾಕ್ಕೆ ಬಂದವರಿಗೆ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ ಮಳೆಯದು. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ ಬೀಳುತ್ತದೆ, ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಇಲ್ಲ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಷ್ಟೂ ಗಾಳಿ ಒಣ. ತೀರ್ಥಹಳ್ಳಿ, ಹೊಸನಗರದವರೂ ವರ್ಷಗಟ್ಟಲೆ ಇಡುವುದಾದರೆ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಇಡುವುದು ಲಾಭ. ಲಾರಿ ಬಾಡಿಗೆ ಒಂದು ಸಲದ್ದು, ತೇವ ಮಾತ್ರ ದಿನಾ ಇರುತ್ತದೆ.

ಆದರೆ ಪೇಟೆಯೊಳಗೆ ತಗ್ಗು ನೋಡಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಕುಂಬಾರಗುಂಡಿ, ವಿದ್ಯಾನಗರದ ಹೊಳೆ ಪಕ್ಕದ ಬೀದಿಗಳಿಗೆ ನೀರು ನುಗ್ಗಿತ್ತು. ಊರಿನ ಮೇಲ್ಗಡೆ ತುಂಗೆಗೆ ಕಟ್ಟಿರುವ ಗಾಜನೂರು ಅಣೆಕಟ್ಟು ಬೇಗ ತುಂಬುವಂಥದ್ದು, ಮೇಲೆ ಮಳೆ ಜೋರಾದರೆ ನೀರು ಹೊಳೆಗೇ ಬಿಡಬೇಕು. ಹೊಳೆಯಷ್ಟೇ ಅಲ್ಲ, ರಾಜಕಾಲುವೆ ಮತ್ತು ನಾಲೆಯ ಪಕ್ಕದ ಜಾಗವನ್ನೂ ಕೇಳಿ ತಿಳಿಯಿರಿ. ಮಾಲೀಕರನ್ನು ಕೇಳಬೇಡಿ, ಪಕ್ಕದ ಟೀ ಅಂಗಡಿಯವರನ್ನು ಕೇಳಿ. ಕೋಣೆಯ ನೆಲ ರಸ್ತೆಗಿಂತ ಒಂದೂವರೆ ಅಡಿಯಾದರೂ ಎತ್ತರ ಇರಬೇಕು. ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಿದ್ದು, ಮೊದಲು ಎತ್ತರವಿದ್ದ ಗೋದಾಮುಗಳೆಷ್ಟೋ ಈಗ ರಸ್ತೆ ಮಟ್ಟಕ್ಕೆ ಬಂದಿವೆ.

ಗೋಣಿಲೆಕ್ಕ

ಅಳತೆಯ ಮಾತು. ಎರಡು ಬೆಡ್‌ರೂಮ್ ಸಾಮಾನಿಗೆ 10×10 ಸಾಕು ಅಂತ ಎಲ್ಲರೂ ಹೇಳ್ತಾರೆ. ಗೋಡೆಗೆ ಒತ್ತಿ ಇಟ್ಟರೆ ಸಾಕು. ನಮ್ಮ ಕಡೆ ಗೋಡೆಗೆ ಒತ್ತಿ ಇಡುವ ಹಾಗಿಲ್ಲವಲ್ಲ.

14 ಅಡಿಯ ಲಾರಿ ಬಿಗಿಯಾಗಿ ತುಂಬಿದರೆ ಸುಮಾರು 500 ಘನ ಅಡಿ. ನಿಮ್ಮ ಪಟ್ಟಿ ಹೆಚ್ಚು ಕಡಿಮೆ ಅಷ್ಟೇ. ಕೋಣೆಯಲ್ಲಿ ಆಳೆತ್ತರ ದಾಟಿ ಆರೂವರೆ ಅಡಿ ತನಕ ಪೇರಿಸಬಹುದು, ಅದರ ಮೇಲೆ ಇಟ್ಟದ್ದನ್ನು ಇಳಿಸಲು ಏಣಿ ಬೇಕು. ಈಗ 10×10 ತಗೊಳ್ಳಿ. ಎರಡು ಪಕ್ಕ, ಹಿಂದೆ ಅರ್ಧರ್ಧ ಅಡಿ ಗಾಳಿಗೆ ಬಿಟ್ಟರೆ 9×9.5. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಎರಡಡಿ ಓಣಿ ಬಿಟ್ಟರೆ 7×9.5, ಅಂದರೆ 66.5 ಚದರಡಿ. ಆರೂವರೆ ಅಡಿಗೆ ಗುಣಿಸಿದರೆ 432 ಘನ ಅಡಿ. ಸಾಲದು. ಅದೇ 10×12 ಆದರೆ 7×11.5, 80.5 ಚದರಡಿ, 523 ಘನ ಅಡಿ. ಸರಿಯಾಯಿತು. ಸ್ಕೂಟರ್ ಒಳಗೇ ಇಡಬೇಕೆಂದರೆ ಅದಕ್ಕೆ 6×2.5 ಅಡಿ ಬೇರೆ ಬೇಕು, ಅದರ ಮೇಲೆ ಏನೂ ಪೇರಿಸಲಾಗದು. ಓಣಿಯ ಬಾಗಿಲ ಬದಿ ಅದಕ್ಕೆ ಕೊಡಿ.

ಓಣಿ ದುಂದು ಅಂತ ಅನ್ನಿಸುತ್ತದೆ. ಓಣಿ ಇಲ್ಲದಿದ್ದರೆ ಹಿಂದಿನ ಗೋಡೆಗೆ ಗೆದ್ದಲು ಹತ್ತಿದ್ದು ಕಾಣುವುದೇ ಇಲ್ಲ. ಬಾಡಿಗೆ ಹೋಲಿಸುವಾಗಲೂ ಚದರಡಿ ದರ ನೋಡಬೇಡಿ. ಓಣಿ, ಗೋಡೆ ಸಂದಿ ಕಳೆದು ಉಳಿದ ಘನ ಅಡಿಗೆ ತಿಂಗಳ ಬಾಡಿಗೆಯನ್ನು ಭಾಗಿಸಿ. ಏಳಡಿ ಎತ್ತರದ ಕೋಣೆಯ ನಡುವೆ ತೊಲೆ ಬಂದಿದ್ದರೆ ಬಳಸಲು ಸಿಗುವುದು ಐದೂವರೆ ಅಡಿ ಎತ್ತರ ಮಾತ್ರ. ಅಗ್ಗದ್ದು ದುಬಾರಿಯಾಗುವುದು ಅಲ್ಲೇ.

ಸಾಗರದ ಉಳಿ

ಮೇ ತಿಂಗಳಲ್ಲಿ ಎಲ್ಲ ಗೋದಾಮೂ ಒಳ್ಳೆಯದೇ ಮಾರಾಯ್ರೆ. ಹೋದ ವರ್ಷದ ಮಳೆ ಬಿಟ್ಟುಹೋದ ಗುರುತು ಹುಡುಕಬೇಕು.

ಗೋಡೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಇದ್ದರೆ ಅನುಮಾನ ಪಡಿ. ಬಣ್ಣ ಗುಳ್ಳೆ ಎದ್ದಿರುವುದು, ಬಿಳಿ ಉಪ್ಪು ಹೂವಿನಂತೆ ಮೂಡಿರುವುದು ನೆಲದಿಂದ ನೀರು ಏರುತ್ತಿರುವುದಕ್ಕೆ ಗುರುತು. ಶಟರ್ ಇಳಿಯುವ ಎರಡೂ ಬದಿಯ ಕಬ್ಬಿಣದ ಚಾನೆಲ್ ಕೆಳಗಿನ ಅರ್ಧ ಅಡಿ ತುಕ್ಕು ತಿಂದಿದ್ದರೆ ಅಷ್ಟೆತ್ತರಕ್ಕೆ ನೀರು ನಿಲ್ಲುತ್ತದೆ ಅಂತ ಅರ್ಥ. ಜಂಬಿಟ್ಟಿಗೆ ಗೋಡೆಗೆ ಹೊರಗಿನಿಂದ ಗಾರೆ ಇಲ್ಲದಿದ್ದರೆ ನೈಋತ್ಯಕ್ಕೆ ಮುಖ ಮಾಡಿದ ಬದಿ ಇರಚಲು ನೀರನ್ನು ಹೀರುತ್ತಲೇ ಇರುತ್ತದೆ. ಆ ಗೋಡೆ ಬಿಟ್ಟು ಒಳಸಾಲಿನ ಕೋಣೆ ಕೇಳಿ.

ನೆಲ ಪರೀಕ್ಷೆಗೆ ಒಂದೂವರೆ ಅಡಿ ಚೌಕದ ದಪ್ಪ ಪಾಲಿಥೀನ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಒತ್ತಿ ನೆಲಕ್ಕೆ ಅಂಟಿಸಿ. ಮಾರನೇ ದಿನ ಎತ್ತಿದಾಗ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಕಾಂಕ್ರೀಟ್ ಕಪ್ಪಾಗಿದ್ದರೆ ನೆಲದಡಿ ತೇವ ತಡೆಯುವ ಪದರ ಇಲ್ಲ. ಬೇಸಿಗೆಯಲ್ಲೇ ಹೀಗಾದರೆ ಜುಲೈನಲ್ಲಿ ಹೇಗೆ ಅಂತ ಲೆಕ್ಕ ಹಾಕಿ. ಒಂದು ದಿನ ಹಾಳೆ ಅಂಟಿಸಲು ಬಿಡದ ಮಾಲೀಕರ ಜೊತೆ ಹನ್ನೊಂದು ತಿಂಗಳ ವ್ಯವಹಾರ ಬೇಡ.

ತಗಡಿನ ಮಾಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಸೋರುವುದು ಒಂದು, ಬೆವರುವುದು ಇನ್ನೊಂದು. ಜಡಿಮಳೆಯ ಮೋಡ ಕವಿದ ರಾತ್ರಿ ತಗಡು ಅಷ್ಟು ತಣ್ಣಗಾಗುವುದಿಲ್ಲ. ಮಳೆ ನಿಂತು ಆಕಾಶ ತೆರೆದುಕೊಂಡ ಮೇಲೆ, ಅಕ್ಟೋಬರ್‌ನಿಂದ ಜನವರಿ ತನಕ, ರಾತ್ರಿ ತಗಡು ಗಾಳಿಗಿಂತ ತಣ್ಣಗಾಗಿ ಒಳಮೈಯಲ್ಲಿ ಹನಿ ಕಟ್ಟಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಮಳೆಗಾಲ ಮುಗಿಯಿತು ಅಂತ ನಿಶ್ಚಿಂತೆಯಿಂದ ಇದ್ದಾಗಲೇ ಮಂಚದ ಮೇಲೆ ಕಲೆ. ನೆಲದ ಮೇಲೆ ಒಂದೇ ಗೆರೆಯಲ್ಲಿ ಕಂದು ಚುಕ್ಕಿಗಳಿದ್ದರೆ ಮೇಲೆ ಅದೇ ಗೆರೆಗೆ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ಹನಿ ಅಲ್ಲಿಂದಲೇ ಇಳಿದದ್ದು. ತಗಡಿನ ಕೆಳಗೆ ಬೆಳ್ಳಿ ಹಾಳೆಯ ಫೋಮ್ ಪದರವೋ, ಫಾಲ್ಸ್ ಸೀಲಿಂಗೋ ಇದ್ದರೆ ಆಗಬಹುದು. ಬರೀ ತಗಡಾದರೆ ಬೇಡ.

ಗೋಪಾಳದ ಕೋಣೆ ಆರ್‌ಸಿಸಿ, ಮಹಡಿ, 10×12. ಅದರ ಮೇಲೆ ಇನ್ನೊಂದು ಮಹಡಿ ಇದೆಯೋ, ಬರೀ ತಾರಸಿಯೋ? ತಾರಸಿಯಾದರೆ ನೀರು ಹೋಗುವ ಪೈಪಿನ ಬಾಯಿ ನೋಡಿ. ಎಲೆ ಕಟ್ಟಿಕೊಂಡು ನೀರು ನಿಂತರೆ ಅಲ್ಲಿಂದಲೇ ಸೋರಿಕೆ.

ಹಂಚಿನಮನೆ

ಬರೀ ತಾರಸಿ. ಸೀಲಿಂಗ್‌ನಲ್ಲಿ ಕಲೆ ಇಲ್ಲ. ಆದರೆ ಮಹಡಿಗೆ ಪುಸ್ತಕ ಹೊರೆ ಆಗಲ್ಲವಾ?

ಗೋಣಿಲೆಕ್ಕ

ಒಳ್ಳೇ ಪ್ರಶ್ನೆ. ವಾಸದ ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಗೋದಾಮಿನ ನೆಲದ ಲೆಕ್ಕ ಇದಕ್ಕಿಂತ ಬಹಳ ಹೆಚ್ಚು. 18×12×12 ಇಂಚಿನ ಪೆಟ್ಟಿಗೆ ತುಂಬಾ ಪುಸ್ತಕ ಇಟ್ಟರೆ 25 ಕೆ.ಜಿ. ಹತ್ತಿರ. 20 ಪೆಟ್ಟಿಗೆ ಅಂದರೆ 500 ಕೆ.ಜಿ. ಕೋಣೆ ತುಂಬ ಹರಡಿದರೆ ಏನೂ ಆಗುವುದಿಲ್ಲ. ಕೋಣೆಯ ನಡುಮಧ್ಯೆ ಆರು ಪೆಟ್ಟಿಗೆ ಎತ್ತರಕ್ಕೆ ಗುಡ್ಡೆ ಹಾಕಿದರೆ ಅರ್ಧ ಚದರ ಮೀಟರಿಗೇ ಅರ್ಧ ಟನ್ ಭಾರ ಬೀಳುತ್ತದೆ. ಗೋಡೆಯ ಪಕ್ಕ, ಎರಡೇ ಎತ್ತರ, ಉದ್ದಕ್ಕೆ ಜೋಡಿಸಿ, ಮೇಲೆ ಬಟ್ಟೆ, ದಿಂಬಿನಂಥ ಹಗುರದ್ದು ಇಡಿ. ಪೆಟ್ಟಿಗೆಯನ್ನೂ 15 ಕೆ.ಜಿ.ಗೆ ನಿಲ್ಲಿಸಿ. ಅರ್ಧ ಪುಸ್ತಕ, ಮೇಲರ್ಧ ಬೆಡ್‌ಶೀಟ್. ಮಳೆಗಾಲದಲ್ಲಿ ರಟ್ಟು ಮೆತ್ತಗಾಗುತ್ತದೆ, 25 ಕೆ.ಜಿ. ಪೆಟ್ಟಿಗೆ ಎತ್ತಿದರೆ ತಳ ಕೈಗೆ ಬರುವುದಿಲ್ಲ.

ಮಂಡಿ ರಸ್ತೆ

ಯಾರೂ ಹೇಳದ ಒಂದು ವಿಷಯ. ಸಾಗರ ರಸ್ತೆಯ ಗೋದಾಮಿನಲ್ಲಿ ಪಕ್ಕದ ಕೋಣೆಗಳಲ್ಲಿ ಏನಿದೆ ಕೇಳಿದಿರಾ? ನಮ್ಮೂರಲ್ಲಿ ಗೋದಾಮು ಅಂದರೆ ಅಡಿಕೆ. ಅಡಿಕೆಗೆ ಹುಳ ಬೀಳದಂತೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುವ ಕಡೆ ಇದ್ದರೆ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ. ಉಸಿರಾಡಿದರೆ ಪ್ರಾಣಕ್ಕೇ ಅಪಾಯ. ಮಾಡಿನ ತನಕ ಏರದ ಅಡ್ಡಗೋಡೆ ಅದನ್ನು ತಡೆಯುವುದಿಲ್ಲ. ಜೊತೆಗೆ ಅದು ತಾಮ್ರ, ಹಿತ್ತಾಳೆ, ಬೆಳ್ಳಿಯನ್ನು ತಿನ್ನುತ್ತದೆ, ತೇವ ಇದ್ದಾಗ ಇನ್ನೂ ಬೇಗ. ಹಂಡೆ ಕಪ್ಪಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ಟಿ.ವಿ.ಯ, ವಾಷಿಂಗ್ ಮಷೀನಿನ ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನು ಏನು ಹಾಕಿ ತಿಕ್ಕುತ್ತೀರಿ?

ಅಡಿಕೆ, ಕಾಳುಮೆಣಸು, ಭತ್ತ, ಗೊಬ್ಬರ ಇರುವ ಕಟ್ಟಡದಲ್ಲಿ ಮನೆ ಸಾಮಾನು ಬೇಡ. ಗೊಬ್ಬರ ಗಾಳಿಯ ತೇವ ಎಳೆದುಕೊಂಡು ನೀರಾಗುತ್ತದೆ, ಹತ್ತಿರದ ಕಬ್ಬಿಣಕ್ಕೆಲ್ಲ ತುಕ್ಕು. ಧಾನ್ಯ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಇಲಿಮರಿ ನುಗ್ಗಲು ಕಾಲು ಇಂಚು ಸಂದಿ, ದೊಡ್ಡ ಇಲಿಗೆ ಅರ್ಧ ಇಂಚು ಸಾಕು. ಶಟರ್ ಪೂರ್ತಿ ಇಳಿಸಿ, ಒಳಗೆ ನಿಂತು, ದೀಪ ಆರಿಸಿ ನೋಡಿ. ಬೆಳಕು ಕಾಣುವ ಕಡೆಯೆಲ್ಲ ಇಲಿಗೆ ದಾರಿ. ಕೆಳಗೆ ರಬ್ಬರ್ ಪಟ್ಟಿ ಹಾಕಿಸಿಕೊಳ್ಳಬಹುದು, ಮೇಲಿನ ಉರುಳೆ ಪೆಟ್ಟಿಗೆಯ ಸಂದಿಗೆ ಜಾಲರಿ ಬೇಕು. ಅಪ್ಪೆಮಿಡಿ ಭರಣಿ, ಹುಣಸೆ, ಸಾಂಬಾರು ಪುಡಿ ಡಬ್ಬಿ ಒಂದೂ ಒಳಗೆ ಹೋಗಕೂಡದು. ಖಾಲಿ ಡಬ್ಬಿಯನ್ನೂ ತೊಳೆದು ಒಣಗಿಸಿಯೇ ಇಡಿ.

ಕಟ್ಟೆಪಂಚಾಯ್ತಿ

ಜಾಗ ಆರಿಸುವ ಮುಂಚೆ ಬೀಗದ ಕೈ ಯಾರ ಹತ್ತಿರ ಅನ್ನುವುದನ್ನು ನೋಡಿ. ಕಾನೂನು ಅಲ್ಲೇ ಎರಡಾಗಿ ಒಡೆಯುತ್ತದೆ.

ಬೀಗ ನಿಮ್ಮದು, ಕೋಣೆ ಅವರದು ಅಂದರೆ ಅದು ಸಾಮಾನ್ಯವಾಗಿ ಜಾಗ ಬಳಸುವ ಪರವಾನಗಿ, 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮಿನ ಲೈಸೆನ್ಸ್. ಒಳಗಿನ ಸಾಮಾನು ಅವರ ವಶಕ್ಕೆ ಹೋಗಲೇ ಇಲ್ಲ, ಹಾಗಾಗಿ ಅದನ್ನು ಕಾಯುವ ಹೊಣೆ ಕರಾರಿನಲ್ಲಿ ಬರೆದಷ್ಟೇ. ಪ್ಯಾಕರ್ಸ್‌ನವರು ಎಣಿಸಿ ಒಯ್ದು ತಮ್ಮ ವಶದಲ್ಲಿ ಇಟ್ಟುಕೊಂಡರೆ ಅದು 1872ರ ಕರಾರು ಕಾಯ್ದೆಯ 148ನೇ ಕಲಮಿನ ಬೇಲ್‌ಮೆಂಟ್. ಆಗ 151ರ ಪ್ರಕಾರ, ವಿವೇಕವಿರುವ ಮನುಷ್ಯ ತನ್ನದೇ ಅಂಥ ಸಾಮಾನನ್ನು ನೋಡಿಕೊಳ್ಳುವಷ್ಟು ಜಾಗ್ರತೆ ಅವರು ವಹಿಸಲೇಬೇಕು. ವಾಯಿದೆಗೆ ಸರಿಯಾಗಿ ಹಿಂದಿರುಗಿಸದಿದ್ದರೆ ಆಮೇಲಿನ ನಷ್ಟ ಅವರದು, ಅದು 161ರಲ್ಲಿದೆ. ಕಾಗದದ ಮೇಲೆ ಎರಡನೆಯದೇ ನಿಮಗೆ ಬಲ. ಆದರೆ ಎಣಿಕೆ ಪಟ್ಟಿ ಸರಿ ಇದ್ದರೆ ಮಾತ್ರ. 'ಕಾರ್ಟನ್ 32' ಅಂತ ಬರೆದರೆ ಪಟ್ಟಿಯೇ ಅಲ್ಲ. ಪ್ರತಿ ಪೆಟ್ಟಿಗೆಗೆ ಸಂಖ್ಯೆ, ಒಳಗೇನು, ಮುಚ್ಚುವ ಮುಂಚಿನ ಫೋಟೋ, ಯಂತ್ರಗಳ ಸೀರಿಯಲ್ ನಂಬರ್, ಇರುವ ಗೀರು ಬಿರುಕು, ಎರಡೂ ಕಡೆಯ ಸಹಿ ಬೇಕು.

ಕರಾರಿನಲ್ಲಿ ಗಮನಿಸಬೇಕಾದದ್ದು. ಬಾಡಿಗೆ ಎಷ್ಟು ದಿನ ತಪ್ಪಿದರೆ ಬೀಗ ಒಡೆಯುತ್ತಾರೆ, ನೋಟಿಸ್ ಯಾವ ವಿಳಾಸಕ್ಕೆ ಕಳಿಸುತ್ತಾರೆ? ಖಾಲಿ ಮಾಡುವ ವಿನೋಬನಗರದ ವಿಳಾಸ ಬರೆದು ಹೋದರೆ ನೋಟಿಸ್ ನಿಮಗೆ ಸಿಗುವುದಿಲ್ಲ. ಪುಣೆಯ ವಿಳಾಸ, ಇಮೇಲ್, ಜೊತೆಗೆ ಊರಲ್ಲಿರುವ ಒಬ್ಬರ ಫೋನ್ ನಂಬರ್ ಬರೆಸಿ. ಬಾಕಿ ಇದ್ದರೆ ಸಾಮಾನು ಹಿಡಿದಿಟ್ಟುಕೊಳ್ಳುವ ಹಕ್ಕು ತಾನಾಗೇ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. 171ನೇ ಕಲಮಿನ ಸಾಮಾನ್ಯ ಹಕ್ಕು ಬ್ಯಾಂಕರ್, ಫ್ಯಾಕ್ಟರ್ (ಬೇರೆಯವರ ಸರಕು ಮಾರಿಕೊಡುವ ಏಜೆಂಟ್), ಬಂದರು ಕಟ್ಟೆಯವರು, ಹೈಕೋರ್ಟ್ ವಕೀಲರು, ವಿಮಾ ಪಾಲಿಸಿ ದಲ್ಲಾಳಿಗಳಿಗೆ ಮಾತ್ರ. ಉಳಿದವರಿಗೆ ಕರಾರಿನಲ್ಲಿ ಬರೆದುಕೊಂಡರೆ ಉಂಟು. ಆದ್ದರಿಂದಲೇ ಅವರು ಬರೆದುಕೊಂಡಿರುತ್ತಾರೆ, ಓದಿ ಸಹಿ ಹಾಕಿ. ಹರಾಜಿನ ಮಾತಿದ್ದರೆ ಕನಿಷ್ಠ 60 ದಿನದ ಗಡುವು ಕೇಳಿ.

'ನಿಸರ್ಗ ವಿಕೋಪಕ್ಕೆ ಹೊಣೆ ಇಲ್ಲ' ಎಂಬ ಸಾಲು ಎಲ್ಲ ಕಡೆ ಇರುತ್ತದೆ, ಇರಲಿ. ಅದರ ಕೆಳಗೆ 'ಮಾಡು, ಪೈಪ್ ಸೋರಿಕೆ ಇದರಲ್ಲಿ ಸೇರುವುದಿಲ್ಲ' ಅಂತ ಒಂದು ಸಾಲು ಸೇರಿಸಿ. ಶಿವಮೊಗ್ಗದಲ್ಲಿ ಜುಲೈ ಮಳೆ ವಿಕೋಪ ಅಲ್ಲವಲ್ಲ.

ಇನ್ನೊಂದು, ಗೋದಾಮು ನಡೆಸುವವರೇ ಬಾಡಿಗೆಗೆ ಇರಬಹುದು. ಅವರು ಮೂಲ ಮಾಲೀಕರಿಗೆ ಕೊಡದೆ ಹೋದರೆ ಮುಖ್ಯ ಗೇಟಿಗೆ ಬೀಗ ಬೀಳುತ್ತದೆ, ಒಳಗಿನ ನಿಮ್ಮ ಬೀಗಕ್ಕೆ ಅರ್ಥವಿಲ್ಲ. ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಪತ್ರದ ಪ್ರತಿ ಕೇಳಿ.

ಬಾಡಿಗೆಯ ಜೊತೆ ಶೇ. 18 ಜಿಎಸ್‌ಟಿ ಹೇಳಿದರೆ ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಸಣ್ಣವರು ನೋಂದಣಿ ಮಾಡಿಸಬೇಕಿಲ್ಲ, ಹಾಗಿರುವವರು ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. 11 ತಿಂಗಳ ಕರಾರು ಏಕೆ ಅಂದರೆ, ವರ್ಷ ಮೀರಿದ ಗೇಣಿಗೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿ ಕಡ್ಡಾಯ. ನಿಮಗೆ ಮೇ ಕೊನೆಯಿಂದ ಏಪ್ರಿಲ್ ಕೊನೆ, ಸರಿಯಾಗಿ ಕೂರುತ್ತದೆ.

ತುಂಗೆದಡ

ವಿಮೆ ಸೇರಿಸಿ. ಮನೆ ವಿಮೆ ಇದ್ದರೂ ಅದು ಪಾಲಿಸಿಯಲ್ಲಿ ಬರೆದ ವಿಳಾಸದ ಸಾಮಾನಿಗೆ. ಹೊಸ ವಿಳಾಸ ಬರೆದು ತಿಳಿಸಿ, ಒಪ್ಪಿಗೆಯನ್ನು ಪಾಲಿಸಿಯ ಮೇಲೆ ಹಾಕಿಸಿಕೊಳ್ಳಬೇಕು. ಬೆಂಕಿ, ಪ್ರವಾಹ, ಬೀಗ ಒಡೆದ ಕಳ್ಳತನಕ್ಕೆ ಸಿಗಬಹುದು. ಬೂಷ್ಟು, ಗೆದ್ದಲು, ಇಲಿ, ನಿಧಾನ ತುಕ್ಕಿಗೆ ಸಿಗುವುದಿಲ್ಲ. ನಮ್ಮ ಕಡೆ ಹಾಳಾಗುವುದು ಹೆಚ್ಚಾಗಿ ಇವುಗಳಿಂದಲೇ, ಹಾಗಾಗಿ ವಿಮೆಯನ್ನು ನಂಬಿ ಕೋಣೆ ಆರಿಸಬೇಡಿ.

ಮೂರು ಪಿನ್

ಯಂತ್ರಗಳ ಪಾಳಿ.

ಫ್ರಿಜ್ ಎರಡು ದಿನ ಮುಂಚೆ ಆಫ್ ಮಾಡಿ, ಮಂಜು ಕರಗಿಸಿ, ಹಿಂದೆ ಕೆಳಗಿರುವ ನೀರಿನ ತಟ್ಟೆ ಖಾಲಿ ಮಾಡಿ ಒರೆಸಿ. ಈ ತಟ್ಟೆ ಮರೆತೇ ಮರೆಯುತ್ತಾರೆ, ವಾಸನೆ ಅಲ್ಲಿಂದಲೇ. ಬಾಗಿಲು ಎರಡು ಬೆರಳು ತೆರೆದಿರುವಂತೆ ಬಟ್ಟೆಯ ಸುರುಳಿ ಸಿಕ್ಕಿಸಿ ಹಗ್ಗ ಕಟ್ಟಿ. ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದ್ದರೆ ವಾಪಸು ಬಂದಾಗ ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಪ್ಲಗ್ ಹಾಕಿ, ಕಂಪ್ರೆಸರ್ ಎಣ್ಣೆ ಕೊಳವೆಯಿಂದ ಇಳಿಯಬೇಕು.

ಫ್ರಂಟ್ ಲೋಡ್ ಮಷೀನಿಗೆ ಹೊಸದರಲ್ಲಿ ಬಂದ, ಡ್ರಮ್ ಅಲುಗದಂತೆ ಹಿಡಿಯುವ ಟ್ರಾನ್ಸಿಟ್ ಬೋಲ್ಟ್ ಹುಡುಕಿ ಹಿಂದೆ ಹಾಕಿ. ಇಲ್ಲದಿದ್ದರೆ ಲಾರಿಯ ಕುಲುಕಿಗೆ ಡ್ರಮ್ ಬಡಿದು ಸ್ಪ್ರಿಂಗ್, ಡ್ಯಾಂಪರ್ ಹೋಗುತ್ತದೆ. ಕೆಳಗಿನ ಫಿಲ್ಟರ್ ಬಿಚ್ಚಿ ನೀರು ಬಸಿಯಿರಿ, ಒಂದು ಲೀಟರ್ ಆದರೂ ಇರುತ್ತದೆ. ಬಾಗಿಲಿನ ರಬ್ಬರ್ ಮಡಿಕೆಯೊಳಗೆ ಒಣ ಬಟ್ಟೆ ಹಾಕಿ ಒರೆಸಿ. ಟಿ.ವಿ. ನಿಲ್ಲಿಸಿಯೇ ಇಡಬೇಕು, ಮಲಗಿಸಿದರೆ ಪರದೆಯ ನಡುವೆ ಭಾರ ಬಿದ್ದು ಬಿರುಕು ಬಿಡುತ್ತದೆ.

ಇನ್ವರ್ಟರ್ ಬ್ಯಾಟರಿಯನ್ನು ಇಡುವ ಯೋಚನೆ ಬಿಡಿ. ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದರೂ ಚಾರ್ಜ್ ಇಳಿಯುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಕೊಡದಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೆಲಸಕ್ಕೆ ಬಾರದು. ನೆಂಟರ ಮನೆಯಲ್ಲಿ ಬಳಕೆಗೆ ಕೊಡಿ, ಇಲ್ಲವೇ ಹಳೇ ಬ್ಯಾಟರಿ ದರಕ್ಕೆ ಮಾರಿ. ಸ್ಕೂಟರಿನ ಬ್ಯಾಟರಿಯನ್ನೂ ಬಿಚ್ಚಿ, ಮೈನಸ್ ತುದಿ ಮೊದಲು. ಪೆಟ್ರೋಲ್ ಪೂರ್ತಿ ಬಸಿಯದೆ ಮುಚ್ಚಿದ ಕೋಣೆಯೊಳಗೆ ಇಡಬಾರದು. ನಡು ಸ್ಟ್ಯಾಂಡ್ ಹಾಕಿ, ಚಕ್ರದಡಿ ಹಲಗೆ, ಹೊಗೆ ಕೊಳವೆಯ ಬಾಯಿಗೆ ಬಟ್ಟೆ. ಗ್ಯಾಸ್ ಸಿಲಿಂಡರ್ ಎಲ್ಲೂ ಇಡುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ (ಸಂಪರ್ಕ ಮುಗಿಸಿದ ಚೀಟಿ) ತಗೊಳ್ಳಿ, ಪುಣೆಯಲ್ಲಿ ಅದರ ಮೇಲೆ ಸಂಪರ್ಕ ಸಿಗುತ್ತದೆ.

ಮಂಡಿ ರಸ್ತೆ

ಪ್ಯಾಕಿಂಗ್‌ಗೆ ಎಲ್ಲವನ್ನೂ ಸ್ಟ್ರೆಚ್ ಪ್ಲಾಸ್ಟಿಕ್ ಸುತ್ತಿಸಿಬಿಡಿ. ಧೂಳು, ತೇವ, ಜಿರಳೆ ಯಾವುದೂ ಒಳಗೆ ಹೋಗುವುದಿಲ್ಲ.

ಸಾಗರದ ಉಳಿ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಪ್ಲಾಸ್ಟಿಕ್ ಒಳಗೆ ಹೋಗಲು ಬಿಡದ ಹಾಗೆ ಹೊರಗೆ ಬರಲೂ ಬಿಡುವುದಿಲ್ಲ. ಮರ, ಹತ್ತಿ, ಪುಸ್ತಕದ ಒಳಗೇ ತೇವ ಇರುತ್ತದೆ. ಹಗಲು ಬಿಸಿಗೆ ಹೊರಬಂದು ರಾತ್ರಿ ಪ್ಲಾಸ್ಟಿಕ್‌ನ ಒಳಮೈಗೆ ಹನಿ ಕಟ್ಟಿ ಮರದ ಮೇಲೆ ಬಿಳಿ ಬೂಷ್ಟು. ತೇಗದ ಮಂಚಕ್ಕೆ ಹಳೇ ಬೆಡ್‌ಶೀಟ್ ಸುತ್ತಿ ಹಗ್ಗ ಕಟ್ಟಿ, ಸಾಕು. ಸಾಗಿಸುವಾಗ ಪ್ಲಾಸ್ಟಿಕ್ ಸುತ್ತಿದ್ದರೆ ಕೋಣೆಯಲ್ಲಿ ಇಳಿಸಿದ ಮೇಲೆ ಬಿಚ್ಚಿ. ಮಂಚ ಬಿಚ್ಚುವಾಗ ಬೋಲ್ಟುಗಳನ್ನು ಬಟ್ಟೆ ಚೀಲಕ್ಕೆ ಹಾಕಿ ಆ ಮಂಚದ ಚೌಕಟ್ಟಿಗೇ ಕಟ್ಟಿ. ಎಣ್ಣೆ ಒರೆಸುವ ಅಭ್ಯಾಸ ಬೇಡ, ಎಣ್ಣೆ ಪಸೆಯ ಮೇಲೆ ಬೂಷ್ಟು ಬೇಗ ಹಿಡಿಯುತ್ತದೆ.

ಪಾರ್ಟಿಕಲ್ ಬೋರ್ಡಿನ ಮೇಜನ್ನು ಮಾರಿಬಿಡಿ. ಅದರ ಅಂಚು ಒಮ್ಮೆ ನೀರು ಕುಡಿದು ಊದಿದರೆ ಇಳಿಯುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ಅದರ ಬೆಲೆಗಿಂತ ಹನ್ನೊಂದು ತಿಂಗಳಿಗೆ ಅದು ತಿನ್ನುವ ಜಾಗದ ಬಾಡಿಗೆ ಹೆಚ್ಚಾಗಬಹುದು. ಹತ್ತಿ ಹಾಸಿಗೆಯೂ ಹಾಗೇ. ಇಟ್ಟು ಕೆಡಿಸುವ ಬದಲು ಈಗ ಕೊಟ್ಟು, ಬಂದ ಮೇಲೆ ಹೊಸದಾಗಿ ಎಕ್ಕಿಸಿ ಹೊಲಿಸಿ.

ನೆಲಕ್ಕೆ ಮೊದಲು ದಪ್ಪ ಪಾಲಿಥೀನ್ ಹಾಳೆ, ಅದರ ಮೇಲೆ 16×8×4 ಇಂಚಿನ ಸಾಲಿಡ್ ಬ್ಲಾಕ್ ಅಡ್ಡ ಮಲಗಿಸಿ, ಮೇಲೆ ಹಲಗೆ. ನಾಲ್ಕು ಇಂಚು ಎತ್ತರ ಸಿಗುತ್ತದೆ, ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಲೂ ಬರುತ್ತದೆ. ಹಳೇ ಮರದ ಪ್ಯಾಲೆಟ್ ಪುಕ್ಕಟೆ ಸಿಗುತ್ತದೆ ಅಂತ ತರಬೇಡಿ, ಕೊರೆಯುವ ಹುಳ ಅದರಲ್ಲೇ ಬರುತ್ತದೆ. ಪ್ಯಾಲೆಟ್ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಇದೆ.

ಹಂಚಿನಮನೆ

ತೇವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸಿಗುತ್ತಲ್ಲ, ಕೋಣೆಗೆ ಆರೇಳು ಇಟ್ಟರೆ ಸಾಕಾ?

ಗೋಣಿಲೆಕ್ಕ

ಕೋಣೆಗೆ ಆರೇಳಲ್ಲ, ಅರವತ್ತು ಇಟ್ಟರೂ ಸಾಲದು. 10×12 ಕೋಣೆ, ಒಂಬತ್ತಡಿ ಎತ್ತರ, ಸುಮಾರು 30 ಘನ ಮೀಟರ್ ಗಾಳಿ. 28 ಡಿಗ್ರಿಯಲ್ಲಿ ಆರ್ದ್ರತೆಯನ್ನು ಶೇ. 85ರಿಂದ 60ಕ್ಕೆ ಇಳಿಸಲು ಆ ಗಾಳಿಯಿಂದ 200 ಗ್ರಾಂ ನೀರು ತೆಗೆಯಬೇಕು. ಸಂದಿಗಳಿಂದ ಗಂಟೆಗೊಮ್ಮೆ ಗಾಳಿ ಬದಲಾದರೆ ಪ್ರತಿ ಗಂಟೆಗೂ ಅಷ್ಟೇ, ದಿನಕ್ಕೆ ಐದು ಲೀಟರ್. ಡಬ್ಬಿಯ ಉಪ್ಪು ತನ್ನ ತೂಕದ ಒಂದೆರಡು ಪಾಲು ನೀರು ಎಳೆಯುತ್ತದೆ ಅಷ್ಟೇ. ಮುಚ್ಚಿದ ಬೀರುವಿನೊಳಗಾದರೆ ಕೆಲಸ ಮಾಡುತ್ತದೆ, ಆದರೆ ತುಂಬಿ ಚೆಲ್ಲಿದ ನೀರು ಕಬ್ಬಿಣವನ್ನು ಕೊರೆಯುತ್ತದೆ, ಬಟ್ಟೆಗೆ ಆರದ ಕಲೆ. ಬಂದು ನೋಡಲಾಗದವರಿಗೆ ಅದು ಬೇಡ. ಬೀರುವಿಗೆ ಸಿಲಿಕಾ ಜೆಲ್ ಒಳ್ಳೆಯದು, ಕಿತ್ತಳೆ ಬಣ್ಣದ್ದು ತೇವ ತುಂಬಿದಾಗ ಹಸಿರಾಗುತ್ತದೆ, 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಬಾಗಿಲ ಸಂದಿಗೆ ಟೇಪ್ ಹಚ್ಚಿ.

ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು ತಗೊಳ್ಳಿ, ಕನಿಷ್ಠ ಮತ್ತು ಗರಿಷ್ಠ ನೆನಪಿಡುವಂಥದ್ದು. ಅದು ಸರಿ ಇದೆಯೋ ಅಂತ ಮನೆಯಲ್ಲೇ ನೋಡಬಹುದು. ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ ನಾಲ್ಕು ಹನಿ ನೀರು ಬಿಡಿ, ಕರಗದೆ ಕೆಸರಿನಂತಿರಬೇಕು. ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ಇನ್ನು ಮುಂದೆ ಐದು ಕೂಡಿಸಿ ಓದಿ. ಕೋಣೆಯಲ್ಲಿ ವಾರಗಟ್ಟಲೆ 65-70ರ ಮೇಲೆ ನಿಂತರೆ ಬೂಷ್ಟು ಖಂಡಿತ. ಗೋಪಾಳದ ಕೋಣೆಗೆ ಕರೆಂಟ್ ಪಾಯಿಂಟ್ ಇದ್ದರೆ ಜುಲೈ, ಆಗಸ್ಟ್ ಎರಡು ತಿಂಗಳು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹಿಂಡುವ ಯಂತ್ರ) ಇಡಬಹುದು, ಆದರೆ ನೀರು ತಾನಾಗೇ ಹೊರಹೋಗುವ ಪೈಪ್ ಹಾಕಿಸಿ, ಕಿಟಕಿ ಮುಚ್ಚಿ. ಕಿಟಕಿ ತೆರೆದು ಯಂತ್ರ ಹಾಕಿದರೆ ಅದು ಊರಿನ ಮಳೆಯನ್ನೆಲ್ಲ ಒಣಗಿಸಲು ಹೊರಟಂತೆ.

ರೇಷ್ಮೆ ಸೀರೆ ಮಾತ್ರ ಯಾವ ಗೋದಾಮಿಗೂ ಬೇಡ, ಹತ್ತಿ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ. ಆಸ್ತಿ ಪತ್ರ, ಅಂಕಪಟ್ಟಿ, ಚಿನ್ನವೂ ಇಲ್ಲಿಗಲ್ಲ, ಬ್ಯಾಂಕ್ ಲಾಕರಿಗೆ.

ಹಂಚಿನಮನೆ

ಹಾಗಾದರೆ ಗೋಪಾಳದ ಕೋಣೆಗೇ ಹೋಗ್ತೇವೆ. ಮೇಜು, ಹಾಸಿಗೆ, ಬ್ಯಾಟರಿ ಕೊಟ್ಟುಬಿಡ್ತೇವೆ. ಸ್ಕೂಟರನ್ನು ಮಹಡಿಗೆ ಹತ್ತಿಸೋದಿಲ್ಲ, ಪೆಟ್ರೋಲ್ ಬಸಿದು ಅವರದೇ ಕಾರ್ ಶೆಡ್‌ನಲ್ಲಿ ನಿಲ್ಲಿಸ್ತೇವೆ. ಊರಲ್ಲಿ ನಮ್ಮ ಭಾವ ಇದ್ದಾರೆ, ತಿಂಗಳಿಗೊಮ್ಮೆ ಹೋಗಿ ನೋಡಬಲ್ಲರು. ಏನು ನೋಡಲು ಹೇಳಲಿ?

ಕಟ್ಟೆಪಂಚಾಯ್ತಿ

ಮೊದಲು ಕರಾರಿನಲ್ಲಿ ಭಾವನವರ ಹೆಸರಿಗೆ ಪ್ರವೇಶದ ಅಧಿಕಾರ ಬರೆಸಿ. ಆಧಾರ್ ಪ್ರತಿ ಕೊಡುವಾಗ ಅಂಕಿ ಮುಚ್ಚಿದ ಮಾಸ್ಕ್ಡ್ ಪ್ರತಿ ಸಾಕು. ವಾಸದ ಕಟ್ಟಡವಾದ್ದರಿಂದ ಕರಾರಿನಲ್ಲಿ 'ಗೃಹೋಪಯೋಗಿ ಸಾಮಾನು ಇಡಲು ಮಾತ್ರ' ಅಂತ ಉದ್ದೇಶ ಸ್ಪಷ್ಟವಾಗಿರಲಿ. ಕಾರ್ ಶೆಡ್‌ನಲ್ಲಿ ಸ್ಕೂಟರಿಗೆ ಕೊಡುವ ಜಾಗವನ್ನೂ ಅದರಲ್ಲೇ ಸೇರಿಸಿ.

ಸಾಗರದ ಉಳಿ

ಭಾವನವರಿಗೆ ಹೇಳಿ, ಮಳೆ ಸುರಿಯುತ್ತಿರುವಾಗ ಹೋಗಬೇಡಿ, ಬಾಗಿಲು ತೆರೆದಷ್ಟು ಹೊತ್ತು ತೇವವೇ ಒಳಗೆ. ಪುನರ್ವಸು, ಪುಷ್ಯದ ನಡುವೆ ಬಿಸಿಲು ಬಿದ್ದ ಒಂದು ಮಧ್ಯಾಹ್ನ ನೋಡಿ ಹೋಗಲಿ. ಮೊದಲು ಮೀಟರಿನ ಗರಿಷ್ಠ ಬರೆದುಕೊಂಡು ಸೊನ್ನೆ ಮಾಡಲಿ. ಆಮೇಲೆ ಟಾರ್ಚ್ ಅಡ್ಡ ಹಿಡಿದು ಗೋಡೆ ಮತ್ತು ನೆಲ ಸೇರುವ ಮೂಲೆ, ಹಲಗೆಯ ಅಡಿ ನೋಡಲಿ. ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು. ಗೆರೆಯನ್ನು ಒಂದು ಕಡೆ ಮುರಿದು ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ಎರಡು ಮೂರು ದಿನದಲ್ಲಿ ಮುರಿದದ್ದು ಮತ್ತೆ ಕಟ್ಟಿದ್ದರೆ ಹುಳ ಜೀವಂತ ಇದೆ. ಸೀಮೆಎಣ್ಣೆ ಸುರಿಯುವುದರಿಂದ ಪ್ರಯೋಜನವಿಲ್ಲ, ಅದು ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತದೆ. ಪರವಾನಗಿ ಇರುವ ಕೀಟ ನಿಯಂತ್ರಣದವರಿಂದ ಗೋಡೆ ಬುಡಕ್ಕೆ ತೂತು ಕೊರೆದು ಔಷಧಿ ತುಂಬಿಸಬೇಕು. ಖರ್ಚು ಯಾರದು ಅಂತ ಈಗಲೇ ಬರೆಸಿ.

ತಾರಸಿಯ ಪೈಪಿನ ಬಾಯಿಯನ್ನೂ ಹತ್ತಿ ನೋಡಲಿ. ತೆಂಗಿನ ಗರಿ, ಪಾರಿವಾಳದ ಪುಕ್ಕ ಎರಡೂ ಅಲ್ಲೇ ಸೇರುತ್ತವೆ.

ಮೂರು ಪಿನ್

ಬೀಗಕ್ಕೆ ಒಂದು ಮಾತು. ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಅಂಟಾಗಿ ಬೀಗದ ಕೈ ತಿರುಗುವುದಿಲ್ಲ. ಪೆನ್ಸಿಲ್ ಸೀಸದ ಪುಡಿ ಸಾಕು. ಬೀಗದ ಕಮಾನು 10 ಮಿ.ಮೀ. ದಪ್ಪ ಇರಲಿ, ಬಾಗಿಲಿನ ಚಿಲಕವನ್ನು ಹೊರಗಿನಿಂದ ಸ್ಕ್ರೂ ಬಿಚ್ಚಲು ಬರುವಂತಿದ್ದರೆ ಬೀಗ ಎಷ್ಟು ದಪ್ಪವಿದ್ದರೂ ಅಷ್ಟೇ. ಆ ಸ್ಕ್ರೂಗಳ ಜಾಗಕ್ಕೆ ಒಳಗೆ ನಟ್ ಬರುವ ಬೋಲ್ಟ್ ಹಾಕಿಸಿ. ಒಂದು ಬೀಗದ ಕೈ ಭಾವನವರ ಹತ್ತಿರ, ಒಂದು ನಿಮ್ಮ ಹತ್ತಿರ, ಮಾಲೀಕರ ಹತ್ತಿರ ಇಲ್ಲ.